ನಡುಕೋಣೆಯ ಲೆಕ್ಕ

ಪೊದ್ಯಾವೊರ್
17 ಮಾರ್ಚ್ 1974

ಲೆನಾರ್ತ್,

ನೀನು ಬಸ್ಸು ಹತ್ತಿ ಹೋದ ಮರುದಿನವೇ ಕಾರ್ಖಾನೆಯ ನಡುಕೋಣೆ ಖಾಲಿ ಮಾಡಿಸಿದರು. ಪ್ರೆಸ್ಸಿನಿಂದ ಬಂದ ತಟ್ಟೆಗಳು ಕುಲುಮೆಗೆ ಹೋಗುವವರೆಗೆ ಕಾಯುವ ಇಪ್ಪತ್ತು ಸ್ಟ್ಯಾಂಡುಗಳಲ್ಲಿ ಹದಿನಾಲ್ಕನ್ನು ಹಿಂದಿನ ಅಂಗಳಕ್ಕೆ ತಳ್ಳಿ, ನೆಲದ ಮೇಲೆ ಹಳದಿ ಗೆರೆ ಎಳೆದು, ಆರಕ್ಕೆ ಮಾತ್ರ ಜಾಗ ಉಳಿಸಿದ್ದಾರೆ. ಪ್ರೆಸ್ ವಿಭಾಗಕ್ಕೂ ನಮ್ಮ ಕುಲುಮೆಗೂ ನಡುವೆ ಅಷ್ಟು ದೊಡ್ಡ ಬಯಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹದಿನಾರು ವರ್ಷವೂ ಅದು ಓವನ್ ತಟ್ಟೆಗಳ ಕಾಡಾಗಿತ್ತು. ಈಗ ಈ ತುದಿಯಿಂದ ಆ ತುದಿಗೆ ಮುಖ ಕಾಣಿಸುತ್ತದೆ. ಟಿಲ್ಕಾ ತನ್ನ ಪ್ರೆಸ್ಸಿನ ಮುಂದೆ ಕುಳಿತು ತಟ್ಟೆ ಒತ್ತುವುದನ್ನು ನಾನು ಕುಲುಮೆಗೆ ಹೋಗುವ ಸರಪಳಿಗೆ ತಟ್ಟೆ ನೇತುಹಾಕುತ್ತಲೇ ನೋಡಬಹುದು.

ಗೋಡೆಯ ಮೇಲೆ ನಿನ್ನ ಸಂಖ್ಯೆಯನ್ನು ಮೊಳದುದ್ದ ಬರೆದಿದ್ದಾರೆ: 120. ಸ್ಟ್ಯಾಂಡಿಗೆ ಇಪ್ಪತ್ತು ತಟ್ಟೆ, ಆರು ಸ್ಟ್ಯಾಂಡಿಗೆ ನೂರಿಪ್ಪತ್ತು. ಒಂದು ಹೆಚ್ಚಾದರೂ ಮೇಸ್ತ್ರಿ ಪೋಲ್ಡೆಗೆ ಬೈಗುಳ. ನಿರ್ದೇಶಕ ಬ್ರೆಗಾಂತ್ ಹತ್ತು ಗಂಟೆಯ ಊಟಕ್ಕೆ ಬಂದು, ಬೀನ್ಸ್ ಸಾರು ಆರುವವರೆಗೆ ಭಾಷಣ ಮಾಡಿದರು. "ನಿಂತ ಸರಕು ಅಂದ್ರೆ ನಿಂತ ನೀರು, ನಾರುತ್ತೆ. ನಮ್ಮೂರ ಹುಡುಗನೇ ರಾಜಧಾನಿಯಿಂದ ಬಂದು ವಿಜ್ಞಾನದ ಪ್ರಕಾರ ಲೆಕ್ಕ ಹಾಕ್ಕೊಟ್ಟಿದ್ದಾನೆ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಸುಳ್ಳೇಕೆ ಹೇಳಲಿ, ಹೆಮ್ಮೆಯಾಯಿತು. ಅಪ್ಪ ಇದ್ದಿದ್ದರೆ ಅಂದುಕೊಂಡೆ.

ಟಿಲ್ಕಾ ಮಾತ್ರ ಸುಮ್ಮನಿರುವ ಪೈಕಿಯೇ? "ನಿನ್ ತಮ್ಮ ಮೂರು ವಾರ ಗಡಿಯಾರ ಹಿಡ್ಕೊಂಡು ನನ್ ಬೆನ್ನ ಹಿಂದೆ ನಿಂತಿದ್ನಲ್ಲೇ! ಅಷ್ಟೊತ್ತು ನೋಡಿದ ಗಂಡಸು ಮದುವೆ ಮಾಡ್ಕೋಬೇಕಿತ್ತು. ಇವನು ಒಂದು ಸಂಖ್ಯೆ ಬರೆದಿಟ್ಟು ಓಡೋದ" ಎಂದಳು. ಅಡುಗೆಯ ಹೆಂಗಸರೂ ಸೌಟು ಹಿಡಿದುಕೊಂಡು ನಕ್ಕರು.

ತಿಂಗಳಿಗೊಂದಾದರೂ ಕಾಗದ ಬರೆ. ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಕ್ಕ
ಹೆಡ್ವಿಕಾ


ಲ್ಯುಬ್ಲ್ಯಾನಾ
2 ಏಪ್ರಿಲ್

ಅಕ್ಕಾ,

ನಿನ್ನ ಕಾಗದ ಸಿಕ್ಕಿತು. ಸಂಸ್ಥೆಯಲ್ಲಿ ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಕಿಟಕಿಯಿರುವ ಕೋಣೆ ಸಿಕ್ಕಿದೆ. ಬೇರೆ ಹೇಳಿಕೊಳ್ಳುವಂಥ ವಿಶೇಷವಿಲ್ಲ.

ಒಂದು ವಿಷಯ ತಿಳಿಯಬೇಕಿತ್ತು. ಸಣ್ಣ ತಟ್ಟೆಯಿಂದ ದೊಡ್ಡ ತಟ್ಟೆಗೆ ಹೋಗುವಾಗ ಪ್ರೆಸ್ಸಿನ ಅಚ್ಚು ಬದಲಿಸುತ್ತಾರಲ್ಲ, ಅದಕ್ಕೆ ಈಗ ಎಷ್ಟು ನಿಮಿಷ ಹಿಡಿಯುತ್ತಿದೆ? ನೀನು ನಿಂತಿರುವ ಕಡೆಯಿಂದ ಗೋಡೆ ಗಡಿಯಾರ ಕಾಣಿಸುತ್ತದಲ್ಲ. ಯಾರನ್ನೂ ಕೇಳಲು ಹೋಗಬೇಡ. ನೀನೇ ನೋಡಿಕೊಂಡು ನನಗೆ ಬರೆ. ಆ ಹೊತ್ತಿನಲ್ಲಿ ನಿಮ್ಮ ಸರಪಳಿ ಎಂದಾದರೂ ಖಾಲಿ ಓಡಿತೇ ಎಂಬುದನ್ನೂ ಬರೆ.

ಇದು ಬರೀ ಕುತೂಹಲ.

ಲೆನಾರ್ತ್


ಪೊದ್ಯಾವೊರ್
28 ಏಪ್ರಿಲ್

ಲೆನಾರ್ತ್,

ನೀನು ಹೇಳಿದಂತೆ ಎರಡು ವಾರ ನೋಡಿ ಬರೆದುಕೊಂಡೆ. ಅಚ್ಚು ಬದಲಿಸಲು ನಲವತ್ತಾರು ನಿಮಿಷ, ಐವತ್ತು, ನಲವತ್ತೊಂಬತ್ತು, ನಲವತ್ತಮೂರು. ಒಮ್ಮೆ ಅಚ್ಚು ಹೊರುವ ಎತ್ತುಯಂತ್ರ ಬೇರೆ ಕಡೆ ಇದ್ದುದರಿಂದ ಐವತ್ತೆಂಟು. ನಲವತ್ತಕ್ಕಿಂತ ಕಡಿಮೆ ಒಂದು ಸಲವೂ ಆಗಲಿಲ್ಲ.

ನಮ್ಮ ಸರಪಳಿ ನಿಮಿಷಕ್ಕೆ ಐದು ತಟ್ಟೆ ತಿನ್ನುತ್ತದೆ. ಅದು ನಿನಗೇ ಚೆನ್ನಾಗಿ ಗೊತ್ತು. ನೂರಿಪ್ಪತ್ತು ತಟ್ಟೆ ಇಪ್ಪತ್ತನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತದೆ. ಆಮೇಲೆ ಕೊಕ್ಕೆಗಳು ಖಾಲಿಯೇ ಕುಲುಮೆಗೆ ಹೋಗುತ್ತವೆ, ಬೆಂಕಿಗೆ ಕೆಂಪಾಗಿ ಬಾಗಿ ಹೊರಬರುತ್ತವೆ. ಕುಲುಮೆಯನ್ನು ಒಲೆಯ ಹಾಗೆ ಆರಿಸುವಂತಿಲ್ಲ. ಹಾಗಾಗಿ ಈಗ ಒಂದು ಸೈರನ್ ಹಾಕಿಸಿದ್ದಾರೆ. ನಡುಕೋಣೆಯ ಕೊನೆಯ ಸ್ಟ್ಯಾಂಡು ಖಾಲಿಯಾದ ಕೂಡಲೇ ಪ್ರೆಸ್ಸಿನವರ ತಲೆಯ ಮೇಲೆ ಅದು ಕೂಗತೊಡಗುತ್ತದೆ, ನಡುಕೋಣೆ ಮತ್ತೆ ತುಂಬುವವರೆಗೆ ನಿಲ್ಲುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಮನೆಗೆ ಬಂದ ಮೇಲೂ ಅದು ನನ್ನ ಕಿವಿಯಲ್ಲಿ ಕೂಗುತ್ತಿರುತ್ತದೆ.

ಪ್ರೆಸ್ಸಿನವರು ಹತ್ತು ಗಂಟೆಯ ಊಟವನ್ನು ನಿಂತೇ ಮುಗಿಸುತ್ತಾರೆ. ಮೊದಲು ನಡುಕೋಣೆ ತುಂಬಿದ್ದಾಗ ಒಬ್ಬಳು ಮೂಗು ಒರೆಸಿಕೊಂಡರೆ ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಈಗ ಅಲ್ಲಿ ಯಾರಾದರೂ ಕೆಮ್ಮಿದರೆ ಇಲ್ಲಿ ಕೊಕ್ಕೆ ಖಾಲಿ.

ಇನ್ನೊಂದು ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಪ್ರೆಸ್ಸಿಗೆ ಎರಡು ಗುಂಡಿಗಳಿವೆಯಲ್ಲ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಕೈ ಒಳಗೆ ಉಳಿಯದಿರಲಿ ಎಂದೇ ಇಟ್ಟದ್ದು. ಟಿಲ್ಕಾ ಬಲಗಡೆಯ ಗುಂಡಿಗೆ ಮರದ ಬೆಣೆ ಬಡಿದಿದ್ದಾಳೆ. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಟ್ಟೆ ಎಳೆಯುತ್ತದೆ. ನಿಮಿಷಕ್ಕೆ ಏಳು ಬರುತ್ತಿದ್ದದ್ದು ಈಗ ಹತ್ತು ಬರುತ್ತದೆ. ಅವಳೊಬ್ಬಳೇ ಅಲ್ಲ, ಒಂದೊಂದು ತಟ್ಟೆಯೂ ಮೂರು ಪ್ರೆಸ್ಸು ದಾಟಿಯೇ ಬರುವುದರಿಂದ ಮೂರೂ ಪ್ರೆಸ್ಸಿನವರೂ ಹಾಗೆಯೇ. ಪೋಲ್ಡೆ ಆ ಕಡೆ ಬಂದಾಗ ಸೂರಿನ ದೀಪ ಎಣಿಸುತ್ತಾ ಹೋಗುತ್ತಾನೆ. ನಾನು ಗದರಿದ್ದಕ್ಕೆ ಅವಳು, "ಹಾಗಾದ್ರೆ ನಿನ್ ತಮ್ಮನ್ನ ಕರೆಸು, ಇನ್ನೊಂದು ಕೈ ಬರ್ಕೊಟ್ಟು ಹೋಗ್ಲಿ" ಎಂದಳು.

ಜನ ನನ್ನನ್ನು ಕೇಳುತ್ತಿದ್ದಾರೆ. ನಾನು ನಿನ್ನ ಪರವಾಗಿ ಹೇಳುತ್ತಲೇ ಇದ್ದೇನೆ. ಲೆಕ್ಕ ಸರಿಯಾಗಿದೆ ತಾನೇ?

ಹೆಡ್ವಿಕಾ


ಲ್ಯುಬ್ಲ್ಯಾನಾ
9 ಮೇ

ಅಕ್ಕಾ,

ಇಂಥ ಲೆಕ್ಕಗಳೆಲ್ಲ ಯಾವ ಆಧಾರದ ಮೇಲೆ ಹಾಕುತ್ತೇವೆ ಎಂಬುದನ್ನು ಅವಲಂಬಿಸಿರುತ್ತವೆ. ಅಚ್ಚು ಬದಲಿಸುವುದನ್ನು ಚುರುಕು ಮಾಡಿಕೊಳ್ಳುತ್ತೇವೆಂದು ಕಾರ್ಖಾನೆಯವರು ಒಪ್ಪಿಕೊಂಡಿದ್ದರು. ಅದು ಆಗಿಲ್ಲವೆಂದು ಕಾಣುತ್ತದೆ. ಹೊಸ ವ್ಯವಸ್ಥೆ ಹೊಂದಿಕೊಳ್ಳಲು ಕೆಲವು ತಿಂಗಳು ಬೇಕು. ನಿರ್ದೇಶಕರಿಗೆ ನಾನು ಒಂದು ಕಾಗದ ಬರೆಯುತ್ತೇನೆ.

ಟಿಲ್ಕಕ್ಕನಿಗೆ ಆ ಬೆಣೆ ತೆಗೆಯಲು ಹೇಳು. ನಾನು ಹೇಳಿದೆನೆಂದು ಹೇಳು. ಎಷ್ಟೇ ಸೈರನ್ ಕೂಗಲಿ, ಎರಡೂ ಕೈ ಗುಂಡಿಯ ಮೇಲೇ ಇರಬೇಕು. ಇದು ಮಾತ್ರ ಅವಳ ಕೈಯಲ್ಲಿಯೇ ಇರುವ ವಿಷಯ.

ಈ ಭಾನುವಾರ ಬರಬೇಕೆಂದಿದ್ದೆ. ಕೆಲಸವಿದೆ.

ಲೆನಾರ್ತ್


ಪೊದ್ಯಾವೊರ್
21 ಜೂನ್

ಲೆನಾರ್ತ್,

ಮೊನ್ನೆ ಬುಧವಾರ ಟಿಲ್ಕಾಳ ಬಲಗೈ ಪ್ರೆಸ್ಸಿಗೆ ಸಿಕ್ಕಿತು. ಜೀವಕ್ಕೆ ತೊಂದರೆಯಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಹೋದವು.

ಒಂಬತ್ತೂಕಾಲಿಗೆ ಅಚ್ಚು ಬದಲಿಸಿ ಮುಗಿಸಿದ್ದರು. ಅಷ್ಟರಲ್ಲಿ ನಮ್ಮ ಸರಪಳಿ ಕಾಲು ಗಂಟೆಯಿಂದ ಖಾಲಿ ಓಡುತ್ತಿತ್ತು, ಸೈರನ್ ಕೂಗುತ್ತಿತ್ತು. ಬಾಗಿದ ಕೊಕ್ಕೆಗಳನ್ನು ಇಕ್ಕಳದಿಂದ ತೆಗೆಯುತ್ತಾ ನಾನು ಅವಳತ್ತ ನೋಡಿದೆ. ಅವಳೂ ನೋಡಿದಳು. ಬೇಗ ಕೊಡು ಎಂದು ನಾನು ಕೈ ಮಾಡಿದೆ. ಲೆನಾರ್ತ್, ನಾನೇ ಕೈ ಮಾಡಿದೆ. ಆ ತಟ್ಟೆಗಳ ಕಾಡು ಇದ್ದಿದ್ದರೆ ನಾನು ಅವಳಿಗೆ ಕಾಣಿಸುತ್ತಲೇ ಇರಲಿಲ್ಲ.

ಒಂದು ತಟ್ಟೆ ಅಚ್ಚಿಗೆ ಕಚ್ಚಿಕೊಂಡಿತಂತೆ. ಎಳೆಯಲು ಬಲಗೈ ಹಾಕಿದ್ದಾಳೆ, ರೂಢಿಯಲ್ಲಿ ಎಡಗೈ ಗುಂಡಿ ಒತ್ತಿಬಿಟ್ಟಿದೆ. ಅವಳು ಕೂಗಲಿಲ್ಲ. "ನಿಲ್ಸಿ, ಯಾರಾದ್ರೂ ನಿಲ್ಸಿ ಅದನ್ನ" ಎಂದಳು. ಪ್ರೆಸ್ಸನ್ನು ನಿಲ್ಲಿಸಿದರು. ಅದಲ್ಲ ಎಂದು ತಲೆಯಾಡಿಸಿದಳು. ಅವಳು ಹೇಳುತ್ತಿದ್ದದ್ದು ಸೈರನ್ ವಿಷಯ. ಅದನ್ನು ನಿಲ್ಲಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಪೋಲ್ಡೆ ಕೊನೆಗೆ ತಂತಿ ಕಿತ್ತು ಎಸೆದ.

ಆಸ್ಪತ್ರೆಯ ಗಾಡಿ ಬರುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ನಿನ್ ಏಪ್ರನ್ನು ಹಾಳಾಯ್ತು ಕಣೇ" ಎಂದಳು.

ನಾವು ಆಸ್ಪತ್ರೆಯಿಂದ ತಿರುಗಿ ಬರುವಷ್ಟರಲ್ಲಿ ಮೂರೂ ಪ್ರೆಸ್ಸಿನ ಬೆಣೆ ತೆಗೆಸಿದ್ದರು. ಟಿಲ್ಕಾಳದನ್ನು ಮಾತ್ರ ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು ಇಟ್ಟುಕೊಂಡಿದ್ದಾರೆ.

ಹೆಡ್ವಿಕಾ


ಲ್ಯುಬ್ಲ್ಯಾನಾ
26 ಜೂನ್

ಅಕ್ಕಾ,

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಇದು ನಾಲ್ಕನೆಯ ಹಾಳೆ, ಮೂರು ಹರಿದೆ.

ನೀನು ಕೈ ಮಾಡಿದ್ದರಿಂದ ಆದದ್ದಲ್ಲ. ದಯವಿಟ್ಟು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಟಿಲ್ಕಕ್ಕನಿಗೆ ಕಿತ್ತಳೆ ಹಣ್ಣು ಕಳಿಸಿದ್ದೇನೆ. ತಲುಪಿತೇ?

ಲೆನಾರ್ತ್


ಪೊದ್ಯಾವೊರ್
8 ಜುಲೈ

ಲೆನಾರ್ತ್,

ಹಣ್ಣು ತಲುಪಿತು. ಅವಳಿಗೆ ಸಿಪ್ಪೆ ಸುಲಿಯಲಾಗುವುದಿಲ್ಲ. ವಾರ್ಡಿನವರೆಲ್ಲ ಹಂಚಿಕೊಂಡು ತಿಂದರು.

ಮೊನ್ನೆ ಶನಿವಾರ ವಿಚಾರಣಾ ಸಮಿತಿ ಸೇರಿತ್ತು. ಬ್ರೆಗಾಂತ್, ಪೋಲ್ಡೆ, ಕೆಲಸಗಾರರೇ ಆರಿಸಿದ ಕಾರ್ಮಿಕ ಮಂಡಳಿಯಿಂದ ಇಬ್ಬರು. ನನ್ನನ್ನು ಸಾಕ್ಷಿಗೆ ಕರೆದರು. ಮೇಜಿನ ಮೇಲೆ ಎರಡು ವಸ್ತುಗಳಿದ್ದವು: ಒಂದು ಆ ಲಕೋಟೆ, ಇನ್ನೊಂದು ನಿನ್ನ ಸಹಿಯಿದ್ದ ವರದಿ.

ಕೆಲಸಗಾರ್ತಿಯ ಸ್ವಂತ ತಪ್ಪು ಎಂದು ಬರೆದುಕೊಳ್ಳುತ್ತಿದ್ದಾರೆ. ಹಾಗೆಂದು ತೀರ್ಮಾನವಾದರೆ ಅವಳಿಗೆ ಅಂಗವಿಕಲರ ಪಿಂಚಣಿ ಸಿಗುವುದಿಲ್ಲ, ಕೆಲಸವೂ ಹೋಗುತ್ತದೆ. ಮೂವತ್ತೆಂಟು ವರ್ಷದವಳು. ಅವಳ ಹಿಂದೆ ಮುಂದೆ ಯಾರೂ ಇಲ್ಲವೆಂದು ನಿನಗೆ ಗೊತ್ತು.

ನಾನು ಎದ್ದು ಹೇಳಿದೆ: "ನಡುಕೋಣೆಯಲ್ಲಿ ಸಾಕಷ್ಟು ತಟ್ಟೆ ಇದ್ದಿದ್ರೆ ಯಾರು ತಾನೇ ಬೆಣೆ ಬಡೀತಿದ್ರು?"

ಬ್ರೆಗಾಂತ್ ನಿನ್ನ ವರದಿಯ ಮೇಲೆ ಬೆರಳಿಟ್ಟು, ಸಮಾಧಾನವಾಗಿಯೇ ಹೇಳಿದರು. "ಸಾಕಷ್ಟು ಎಷ್ಟು ಅನ್ನೋದನ್ನ ಇಂಜಿನಿಯರು ಹೇಳಿದ್ದಾರಮ್ಮಾ. ನಿಮ್ ತಮ್ಮನೇ. ಅವ್ರಿಗಿಂತ ನಿಮಗೆ ಹೆಚ್ಚು ಗೊತ್ತಾ?"

ನಾನು ಕುಳಿತುಕೊಂಡೆ. ನಾಲ್ಕು ತಿಂಗಳಿಂದ ಎಲ್ಲರಿಗೂ ಅದೇ ಮಾತನ್ನು ನಾನೇ ಹೇಳಿಕೊಂಡು ಬಂದಿದ್ದೆನಲ್ಲ.

ಸೆಪ್ಟೆಂಬರ್ 12ಕ್ಕೆ ಇಡೀ ಕಾರ್ಮಿಕ ಮಂಡಳಿಯ ಮುಂದೆ ಕೊನೆಯ ತೀರ್ಮಾನ. ಅದಕ್ಕೆ ಮೊದಲು ನನಗೆ ಒಂದೇ ಮಾತು ಬೇಕು. ಆಧಾರ, ವ್ಯವಸ್ಥೆ, ಹೊಂದಿಕೆ ಯಾವುದೂ ಬೇಡ. ಅಚ್ಚು ಬದಲಿಸಲು ಐವತ್ತು ನಿಮಿಷ ಬೇಕೆಂದು ಮೂರು ವಾರ ನಿಂತು ನೋಡಿದ ನಿನಗೆ ತಿಳಿಯಲಿಲ್ಲವೇ? ಲೆಕ್ಕ ತಪ್ಪಿತೇ?

ಹೆಡ್ವಿಕಾ


ಲ್ಯುಬ್ಲ್ಯಾನಾ
3 ಆಗಸ್ಟ್

ಅಕ್ಕಾ,

ಲೆಕ್ಕ ತಪ್ಪಲಿಲ್ಲ. ತಪ್ಪಿದ್ದರೆ ಈ ಕಾಗದವನ್ನು ಜುಲೈಯಲ್ಲೇ ಬರೆದಿರುತ್ತಿದ್ದೆ.

ಮೂರು ವಾರದಲ್ಲಿ ಹದಿನೇಳು ಸಲ ಅಚ್ಚು ಬದಲಿಸುವುದನ್ನು ಅಳೆದೆ. ಹದಿನಾರು ಸಲ ನಲವತ್ತರಿಂದ ಐವತ್ತು ನಿಮಿಷ ಹಿಡಿಯಿತು. ಐವತ್ತು ನಿಮಿಷಕ್ಕೆ ಇನ್ನೂರ ಐವತ್ತು ತಟ್ಟೆ ಬೇಕು, ಕೆಟ್ಟ ತಟ್ಟೆಗಳಿಗೆಂದು ಇನ್ನು ಹತ್ತು. ಇನ್ನೂರ ಅರವತ್ತು. ಹದಿಮೂರು ಸ್ಟ್ಯಾಂಡು. ಹಾಗೆಂದೇ ಬರೆದೆ. ಆ ಹಾಳೆ ಈಗಲೂ ನನ್ನ ಹತ್ತಿರವಿದೆ, ನನ್ನ ಕೈಬರಹದಲ್ಲಿ, ಮಾರ್ಚ್ 11ರ ತಾರೀಖಿನೊಂದಿಗೆ.

ಬ್ರೆಗಾಂತ್ ಅದನ್ನು ನೋಡಿ ನಕ್ಕರು. "ಹದಿಮೂರು ಸ್ಟ್ಯಾಂಡು ಇಟ್ಕೊಂಡ್ರೆ ಹೊಸ ಎನಾಮೆಲ್ ಯಂತ್ರ ಎಲ್ಲಿಡ್ಲಿ, ನನ್ ತಲೆ ಮೇಲಾ? ಆರಕ್ಕೆ ಇಳಿಸು."

"ಆರು ಸಾಕಾಗಲ್ಲ ಕಾಮ್ರೇಡ್. ಅಚ್ಚು ಬದಲಿಸೋಕೆ ಐವತ್ತು ನಿಮಿಷ ಬೇಕು" ಎಂದೆ.

"ಇಪ್ಪತ್ನಾಲ್ಕು. ಬುಧವಾರ ನೀನೇ ಕಣ್ಣಾರೆ ನೋಡಿದ್ಯಲ್ಲ."

ಬುಧವಾರ ನೋಡಿದ್ದು ನಿಜ, ಹದಿನೇಳನೆಯ ಸಲ. ಎತ್ತುಯಂತ್ರವನ್ನು ಬೆಳಗಿನಿಂದ ಅಲ್ಲೇ ನಿಲ್ಲಿಸಿಕೊಂಡು, ಬೇರೆ ಪಾಳಿಯ ಗಟ್ಟಿಗರು ನಾಲ್ವರನ್ನು ಕರೆಸಿ, ನಿರ್ದೇಶಕರೇ ಎದುರು ನಿಂತು ಮಾಡಿಸಿದ್ದು. ಅಂಥ ಬುಧವಾರ ವರ್ಷಕ್ಕೊಂದು ಬರುತ್ತದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಮೇಲೆ ಅವರು ದನಿ ತಗ್ಗಿಸಿದರು. "ನಿನ್ನ ಓದಿಗೆ ಕಳಿಸಿದ್ದು ಈ ಕಾರ್ಖಾನೆ ಲೆನಾರ್ತ್. ನಿಮ್ ಸಂಸ್ಥೇಲಿ ಮುಖ್ಯಸ್ಥನ ಕುರ್ಚಿ ಖಾಲಿ ಇದೆಯಂತಲ್ಲ. ಅವ್ರು ನನ್ ಅಭಿಪ್ರಾಯ ಕೇಳ್ತಾರೆ, ನಾನು ಹೇಳ್ತೀನಿ."

ಬೆದರಿಸಲಿಲ್ಲ ಅಕ್ಕಾ. ಭುಜದ ಮೇಲೆ ಕೈಯಿಟ್ಟರು. ನಾನು ಇಪ್ಪತ್ತನಾಲ್ಕನ್ನು ಐದರಿಂದ ಗುಣಿಸಿ ನೂರಿಪ್ಪತ್ತು ಎಂದು ಬರೆದು, ಸಹಿ ಹಾಕಿ, ನಿನ್ನ ಮನೆಗೆ ಬಂದೆ. ಆ ದಿನ ನೀನು ವಾಲ್‌ನಟ್ ಹೂರಣದ ರೊಟ್ಟಿ ಸುಟ್ಟಿದ್ದೆ. ಮೂರು ಚೂರು ತಿಂದೆ.

ಮೇ ತಿಂಗಳಲ್ಲಿ ನಿರ್ದೇಶಕರಿಗೆ ಬರೆಯುತ್ತೇನೆ ಎಂದಿದ್ದೆನಲ್ಲ, ಬರೆಯಲಿಲ್ಲ.

ಹಾಳೆಯನ್ನು ಇದರ ಜೊತೆ ಇಟ್ಟಿಲ್ಲ. ಅದು ಹೊರಬಿದ್ದರೆ ನನ್ನ ಕೆಲಸ ಉಳಿಯುವುದಿಲ್ಲ. ನಾನು ಸಹಿ ಮಾಡಿದ ಬೇರೆ ಲೆಕ್ಕಗಳನ್ನೂ ಯಾರೂ ನಂಬುವುದಿಲ್ಲ. ಏನು ಮಾಡಲಿ? ನೀನು ಕಳಿಸೆಂದರೆ ಕಳಿಸುತ್ತೇನೆ.

ಲೆನಾರ್ತ್


ಪೊದ್ಯಾವೊರ್
11 ಆಗಸ್ಟ್

ಲೆನಾರ್ತ್,

ಕಳಿಸು ಎಂದು ನಾನು ಹೇಳುವುದಿಲ್ಲ.

ಸಹಿ ಹಾಕುವಾಗ ನನ್ನನ್ನು ಕೇಳಲಿಲ್ಲ. ಈಗ ಕೇಳುತ್ತೀಯೆ. ನಾನು ಕಳಿಸೆಂದರೆ ನಾಳೆ ನಿನ್ನ ಕೆಲಸ ಹೋದದ್ದಕ್ಕೆ ಅಕ್ಕ ಕಾರಣ. ಬೇಡವೆಂದರೆ ಟಿಲ್ಕಾಳ ಗತಿಗೂ ಅಕ್ಕನೇ ಕಾರಣ. ಇನ್ನೊಬ್ಬರ ಕೈಯನ್ನು ನೀನು ಎಷ್ಟು ಸಲೀಸಾಗಿ ಮುಂದೆ ಇಡುತ್ತೀಯೆ!

ಅವಳಿಗೆ ನಾನು ಏನೂ ಹೇಳಿಲ್ಲ. ಆಸ್ಪತ್ರೆಯಿಂದ ಬಂದಿದ್ದಾಳೆ. ದಿನವೂ ಸಂಜೆ ಹೋಗಿ ಅವಳ ಕೂದಲು ಹೆಣೆದು ಬರುತ್ತೇನೆ. ನಿನ್ನೆ ಕೇಳಿದಳು, "ನೀನು ಯಾಕೇ ಮಾತಾಡ್ತಿಲ್ಲ? ಕೈ ಹೋಗಿರೋದು ನಂದು, ಬಾಯಿ ಹೋಗಿರೋದು ನಿಂದಾ?" ನಗಲು ಪ್ರಯತ್ನಿಸಿದೆ.

12ನೇ ತಾರೀಖು ಗುರುವಾರ. ಸಭೆ ಒಂಬತ್ತಕ್ಕೆ.

ಹೆಡ್ವಿಕಾ


ತಂತಿ
ಲ್ಯುಬ್ಲ್ಯಾನಾ, 10 ಸೆಪ್ಟೆಂಬರ್

ಗುರುವಾರ ಮೊದಲ ಬಸ್ಸಿಗೆ ಬರುವೆ. ಹಾಳೆ ಜೊತೆಗಿದೆ. ಲೆನಾರ್ತ್


ಪೊದ್ಯಾವೊರ್
16 ಸೆಪ್ಟೆಂಬರ್

ಲೆನಾರ್ತ್,

ನೀನು ಮನೆಗೆ ಬರಲಿಲ್ಲ. ಮಂಡಳಿಯ ಕೋಣೆಯಿಂದ ನೇರವಾಗಿ ಬಸ್ಸಿಗೆ ಹೋದೆ ಎಂದು ಪೋಲ್ಡೆ ಹೇಳಿದ. ನಾನೂ ಹಿಂದೆ ಓಡಿ ಬರಲಿಲ್ಲ. ಹಾಗಾಗಿ ಆಮೇಲೆ ನಡೆದದ್ದು ನಿನಗೆ ತಿಳಿದಿಲ್ಲ. ಬರೆಯುತ್ತೇನೆ.

ನೀನು ಹಾಳೆ ಬಿಡಿಸಿ, ಹದಿನೇಳು ಅಳತೆಗಳನ್ನು ಒಂದೊಂದಾಗಿ ಓದಿದೆ. ಬ್ರೆಗಾಂತ್ ನಡುವೆ ಬಾಯಿ ಹಾಕಿ, "ಇವ್ರು ಆಗ ಒಂದು ಹೇಳಿ ಈಗ ಒಂದು ಹೇಳ್ತಿದ್ದಾರೆ, ಯಾವುದನ್ನ ನಂಬೋದು?" ಎಂದಾಗ ನೀನು, "ಆಗ ಹೇಳಿದ್ದು ನಿಮಗೋಸ್ಕರ, ಈಗ ಹೇಳ್ತಿರೋದು ನಡೆದದ್ದು" ಎಂದೆ. ಆ ಮಾತು ಚೆನ್ನಾಗಿತ್ತು. ಆದರೆ ನನಗೆ ನೆನಪಿರುವುದು ಅದಲ್ಲ.

ನೆನಪಿರುವುದು ಟಿಲ್ಕಾ ಎದ್ದು ನಿಂತದ್ದು. ಬ್ಯಾಂಡೇಜಿನ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದಳು.

"ಐವತ್ತು ನಿಮಿಷ ಬೇಕು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ, ಬೆಣೆ ತೆಗಿ ಅಂತ ಅಕ್ಕನ ಕೈಲಿ ಹೇಳಿಕಳಿಸ್ದ್ಯಾ?"

ನೀನು ಹೌದು ಎಂದೆ. ಅವಳು ಕುಳಿತಳು. ನೀನು ಹೊರಟೆ.

ಆಮೇಲೆ ಎರಡು ಗಂಟೆ ವಾದ ನಡೆಯಿತು. ಪೋಲ್ಡೆ ಇದ್ದಕ್ಕಿದ್ದಂತೆ ಎದ್ದು, ಮೂರು ಪ್ರೆಸ್ಸಿನ ಬೆಣೆಯನ್ನೂ ತಾನು ನೋಡಿದ್ದೆ, ನೋಡಿಯೂ ದೀಪ ಎಣಿಸಿಕೊಂಡು ಹೋದೆ ಎಂದು ಅಳುತ್ತಾ ಹೇಳಿದ. ಅವನು ಬಾಯಿ ಬಿಟ್ಟದ್ದೇ ಉಳಿದವರಿಗೂ ಮಾತು ಬಂತು. ಯಾವ ದಿನ ಎಷ್ಟು ಹೊತ್ತು ಸೈರನ್ ಕೂಗಿತು ಎಂಬುದನ್ನು ನಾನೂ ಹೇಳಿದೆ. ನಾನು ಕೈ ಮಾಡಿದ್ದನ್ನೂ ಹೇಳಿದೆ. ಟಿಲ್ಕಾಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಕೈ ಎತ್ತಿಸಿದಾಗ ಹನ್ನೊಂದು ಅವಳ ಪರ, ನಾಲ್ಕು ವಿರುದ್ಧ. ಅವಳ ತಪ್ಪಿಲ್ಲ ಎಂದು ಬರೆದಾಯಿತು. ಪಿಂಚಣಿ ಬರುತ್ತದೆ, ಕಾರ್ಖಾನೆಯಲ್ಲೇ ಹಗುರ ಕೆಲಸವೂ ಸಿಗುತ್ತದೆ. ಹದಿಮೂರು ಸ್ಟ್ಯಾಂಡು ಒಳಗೆ ಬರಬೇಕೆಂದೂ ತೀರ್ಮಾನವಾಯಿತು. ಬ್ರೆಗಾಂತ್‌ಗೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ಅವರು ಕುರ್ಚಿಯಲ್ಲೇ ಇದ್ದಾರೆ, ನನಗೆ ನಮಸ್ಕಾರವನ್ನೂ ಹೇಳುತ್ತಾರೆ.

ನಿನ್ನನ್ನು ಮುಖ್ಯಸ್ಥನ ಜಾಗದಿಂದ ತೆಗೆದರೆಂದು ಇಲ್ಲಿಯವರೆಗೂ ಸುದ್ದಿ ಬಂದಿದೆ. ನಿಜವೇ? ನನಗೆ ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಬೆಳಿಗ್ಗೆ ಕಾಫಿ ಕುದಿಸುವಾಗ ಬರುತ್ತದೆ, ಸಂಜೆ ಅವಳ ಕೂದಲು ಹೆಣೆಯುವಾಗ ಬರುತ್ತದೆ. ಆದರೂ ಗುರುವಾರ ನೀನು ಬಾಗಿಲು ತೆರೆದು ಒಳಗೆ ಬಂದಾಗ ನಾನು ಎದ್ದು ನಿಂತದ್ದು ಸಿಟ್ಟಿಗಲ್ಲ.

ಅಕ್ಕ


ಪೊದ್ಯಾವೊರ್
4 ನವೆಂಬರ್

ಲೆನಾರ್ತ್,

ನಾನು ಟಿಲ್ಕಾ. ಇದು ಎಡಗೈ ಬರಹ. ಓದಲಾಗದಿದ್ದರೆ ಎರಡು ಸಲ ಓದು. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ನಿಮ್ಮಕ್ಕ ತಾನು ಬರೆದುಕೊಡುತ್ತೇನೆ ಎಂದಳು, ಬೇಡವೆಂದೆ.

ನಿನ್ನ ಮೂರು ಕಾಗದಗಳೂ ಬಂದವು. ಮೂರರಲ್ಲೂ ಕ್ಷಮೆ ಕೇಳಿದ್ದೀಯ. ಕೊಟ್ಟಿದ್ದೇನೆಂದು ತಿಳಿಯಬೇಡ, ಕೊಡುವುದಿಲ್ಲವೆಂದೂ ತಿಳಿಯಬೇಡ. ಅದು ನನ್ನ ಹತ್ತಿರ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಇನ್ನು ಅದನ್ನು ಕೇಳಬೇಡ. ಪ್ರತಿ ಸಲ ಇಲ್ಲವೆನ್ನುವ ಕಷ್ಟವೂ ನನಗೇ ಬರುತ್ತದೆ.

ಬರೆದದ್ದು ಬೇರೆ ಕಾರಣಕ್ಕೆ. ಹಗುರ ಕೆಲಸ ಎಂದು ನನ್ನನ್ನು ನಡುಕೋಣೆಗೆ ಹಾಕಿದ್ದಾರೆ. ಬಂದ ತಟ್ಟೆ, ಹೋದ ತಟ್ಟೆ ಎಣಿಸಬೇಕು; ತುಂಬಿದರೆ ಪ್ರೆಸ್ಸಿನವರಿಗೆ ಸಾಕು ಎನ್ನಬೇಕು, ಇಳಿದರೆ ಪೋಲ್ಡೆಗೆ ಮುಂಚೆಯೇ ತಿಳಿಸಬೇಕು. ಹದಿಮೂರು ಸ್ಟ್ಯಾಂಡಿವೆ. ಮಂಗಳವಾರದಿಂದ ಶನಿವಾರದವರೆಗೆ ನಿನ್ನ ಲೆಕ್ಕ ಸರಿ, ಅದನ್ನು ಒಪ್ಪುತ್ತೇನೆ. ಪ್ರೆಸ್ಸಿನವರು ಕುಳಿತು ಊಟ ಮಾಡುತ್ತಾರೆ.

ಸೋಮವಾರ ಸಾಲುವುದಿಲ್ಲ. ಭಾನುವಾರವಿಡೀ ನಿಂತ ಪ್ರೆಸ್ಸಿನ ಎಣ್ಣೆ ತಣ್ಣಗೆ ಗಟ್ಟಿಯಾಗಿರುತ್ತದೆ, ಅಚ್ಚು ಕೂರುವುದಿಲ್ಲ. ನಾಲ್ಕು ಸೋಮವಾರ ನೋಡಿದೆ: 58, 62, 65, 61 ನಿಮಿಷ. ಇದು ನಿನ್ನ ಹದಿನೇಳು ಅಳತೆಗಳಲ್ಲಿ ಏಕಿಲ್ಲವೆಂದು ಯೋಚಿಸಿದೆ. ಸೋಮವಾರ ನೀನು ಬರುತ್ತಿದ್ದದ್ದೇ ಹನ್ನೊಂದಕ್ಕೆ. ಹಿಂದಿನ ದಿನದ ವೈನು.

ಅರವತ್ತೈದನ್ನು ಐದರಿಂದ ಗುಣಿಸಲು ನನಗೂ ಬರುತ್ತದೆ. ಹದಿನೇಳು ಸ್ಟ್ಯಾಂಡು ಬೇಕು. ಬ್ರೆಗಾಂತ್ ಬಳಿ ಹೋಗಿ ಹೇಳಿದೆ. "ಯಾವ ಲೆಕ್ಕದ ಮೇಲೆ ಹೇಳ್ತೀಯಮ್ಮಾ? ನೀನೇನು ಇಂಜಿನಿಯರಾ? ಅಪರೂಪಕ್ಕೆ ಎಪ್ಪತ್ತು ನಿಮಿಷ ಆದ್ರೆ? ಪ್ರೆಸ್ಸೇ ಕೆಟ್ರೆ? ಆಗ ನೂರು ಸ್ಟ್ಯಾಂಡು ಕೇಳ್ತೀಯಾ?" ಎಂದರು. ಆ ಪ್ರಶ್ನೆಗಳನ್ನೂ ಬರೆದುಕೊಂಡು ಬಂದೆ. ಎಷ್ಟು ಸಲ ಸಾಲದಿದ್ದರೆ ಪರವಾಗಿಲ್ಲ, ಎಷ್ಟಕ್ಕಿಂತ ಹೆಚ್ಚು ಇಟ್ಟರೆ ದಂಡ ಎಂದು ನಿರ್ಧರಿಸುವ ದಾರಿಯೊಂದು ಇರಲೇಬೇಕು. ಮುಂದೆ ಆಗುವುದು ಯಾರಿಗೂ ಗೊತ್ತಿಲ್ಲದಿದ್ದರೂ ನೀವು ಲೆಕ್ಕ ಹಾಕುತ್ತೀರಲ್ಲ, ಅದನ್ನು ನನಗೆ ಕಲಿಸು. ಸಂಖ್ಯೆ ಹೇಳಿ ಕಳಿಸಬೇಡ. ಸಂಖ್ಯೆ ಹೇಳಿ ಹೋದವರನ್ನು ನೋಡಿದ್ದೇನೆ. ಬರುವ ದಾರಿಯನ್ನೇ ಕಲಿಸು.

ಶನಿವಾರ ಎರಡಕ್ಕೆ ನನ್ನ ಪಾಳಿ ಮುಗಿಯುತ್ತದೆ. ಮೂರಕ್ಕೆ ನನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತಿರುತ್ತೇನೆ. ಹೆಡ್ವಿಕಾಳೂ ಇರುತ್ತಾಳೆ, ನಿನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ಅದು ನಿಮ್ಮಿಬ್ಬರ ವಿಷಯ. ಊಟ ಮಾಡಿಕೊಂಡು ಬಾ, ನಾನು ಬಡಿಸುವುದಿಲ್ಲ.

ಹೇಳಿಕೊಡುವಾಗ ನಿಧಾನವಾಗಿ ಹೇಳು. ನಾನು ಎಡಗೈಯಲ್ಲಿ ಬರೆದುಕೊಳ್ಳಬೇಕು.

ಟಿಲ್ಕಾ